ಮೂತ್ರದ ಸೋಂಕು: ರೋಗಾಣು ಒಳಗೆ ಏನು ಮಾಡುತ್ತಿರುತ್ತದೆ?

ಏಪ್ರಿಲ್ ತಿಂಗಳ ದಾವಣಗೆರೆಯ ಬಿಸಿಲು ನಿಮಗೆ ಗೊತ್ತೇ ಇದೆ. ಎಸ್.ಎಸ್. ಬಡಾವಣೆಯಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಮದುವೆ ಮುಗಿದು ಎರಡು ದಿನವಾಗಿದೆ. ಓಡಾಟದಲ್ಲಿ ತಾಯಿ ಸರಿಯಾಗಿ ನೀರು ಕುಡಿದಿಲ್ಲ. ಶಾದಿ ಮಹಲ್‌ನಲ್ಲಿ ಹೆಂಗಸರಿಗೆ ಇದ್ದ ಶೌಚಾಲಯಕ್ಕೆ ಕಾಲಿಡುವಂತಿರಲಿಲ್ಲ, ಹಾಗಾಗಿ ಬೆಳಗಿನಿಂದ ರಾತ್ರಿಯವರೆಗೆ ತಡೆದುಕೊಂಡೇ ಇದ್ದರು. ಈಗ ಮೂತ್ರ ಮಾಡುವಾಗ ಉರಿ. ಹೋದಷ್ಟೂ ಮತ್ತೆ ಹೋಗಬೇಕೆನಿಸುತ್ತದೆ, ಬರುವುದು ನಾಲ್ಕೇ ಹನಿ.

"ಅಮ್ಮಿ, ಡಾಕ್ಟರ್ ಹತ್ತಿರ ಹೋಗೋಣ" ಎನ್ನುತ್ತಾಳೆ ಮಗಳು. "ಬಿಡು ಬೇಟಿ, ಹೋದ ಸಲದ ಮಾತ್ರೆ ಡಬ್ಬಿಯಲ್ಲಿ ಉಳಿದಿದೆ" ಎನ್ನುತ್ತಾರೆ ತಾಯಿ. ಮೂರು ಮಾತ್ರೆ ನುಂಗುತ್ತಾರೆ. ಉರಿ ಕಡಿಮೆಯಾಗುತ್ತದೆ. ನಾಲ್ಕನೆಯ ದಿನ ನಡುಗಿಸುವ ಚಳಿಜ್ವರ, ಬೆನ್ನಿನ ಒಂದು ಪಕ್ಕದಲ್ಲಿ ತಡೆಯಲಾರದ ನೋವು. ಆಸ್ಪತ್ರೆಗೆ ಹೋದಾಗ ಯೂರಿನ್ ಕಲ್ಚರ್ ಬರೆದುಕೊಡುತ್ತಾರೆ. ಎರಡು ದಿನದ ಮೇಲೆ ಬಂದ ವರದಿಯಲ್ಲಿ "ಬೆಳವಣಿಗೆ ಇಲ್ಲ" ಎಂದಿರುತ್ತದೆ.

ಜ್ವರ ಇದೆ, ನೋವು ಇದೆ, ರೋಗಾಣು ಮಾತ್ರ ಇಲ್ಲ! ಯಾವ ಔಷಧಿಗೆ ಆ ರೋಗಾಣು ಬಗ್ಗುತ್ತದೆ ಎಂದು ತಿಳಿಯುವ ದಾರಿ ವೈದ್ಯರಿಗೆ ಮುಚ್ಚಿಹೋಗಿದೆ. ಈ ಮನೆ ಊಹೆಯದು. ಆದರೆ ಓದುತ್ತಿರುವ ನಿಮ್ಮಲ್ಲಿ ಕೆಲವರಿಗಾದರೂ ಇದು ಪಕ್ಕದ ಮನೆಯ ಕಥೆಯಂತೆ ಕಂಡಿರಬಹುದು.

ರೋಗಾಣು ನಮ್ಮ ದೇಹದೊಳಗೆ ಏನು ಮಾಡುತ್ತಿರುತ್ತದೆ, ಪ್ರಯೋಗಾಲಯದ ತಟ್ಟೆಯ ಮೇಲೆ ಅದು ಕಾಣಿಸಿಕೊಳ್ಳುವುದಕ್ಕೂ ಒಳಗೆ ಅದು ಇರುವುದಕ್ಕೂ ಏನು ವ್ಯತ್ಯಾಸ ಎಂಬುದನ್ನು ವಿಜ್ಞಾನಿಗಳು ಕಳೆದ ಇಪ್ಪತ್ತು ವರ್ಷಗಳಿಂದ ಬೆನ್ನುಹತ್ತಿ ನೋಡುತ್ತಿದ್ದಾರೆ. ಅದನ್ನು ಅರ್ಥಮಾಡಿಕೊಂಡರೆ ವೈದ್ಯರು "ಮೊದಲು ಮೂತ್ರ ಕೊಡಿ, ಆಮೇಲೆ ಮಾತ್ರೆ ತೆಗೆದುಕೊಳ್ಳಿ" ಎಂದು ಏಕೆ ಹೇಳುತ್ತಾರೆ ಎಂಬುದೂ ಅರ್ಥವಾಗುತ್ತದೆ.

ಯಾವುದು ಈ ರೋಗಾಣು?

ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಮೂತ್ರದ ಸೋಂಕು ಬರುತ್ತದೆ. ಇದು ಚಾರಿತ್ರ್ಯಕ್ಕೆ ಸಂಬಂಧಿಸಿದ ಕಾಯಿಲೆಯಲ್ಲ, ನಾಚಿಕೆಪಡುವ ಕಾರಣವೂ ಇಲ್ಲ. ದೇಹದ ರಚನೆಯೇ ಹಾಗಿದೆ. ಮೂತ್ರಕೋಶದಿಂದ ಹೊರಗೆ ಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂ.ಮೀ. ಇದ್ದರೆ ಹೆಂಗಸರಲ್ಲಿ ಸುಮಾರು 4 ಸೆಂ.ಮೀ. ಮಾತ್ರ. ಅದರ ಬಾಯಿ ಮಲದ್ವಾರಕ್ಕೂ ಹತ್ತಿರ.

ಸಾಮಾನ್ಯವಾದ ಮೂತ್ರದ ಸೋಂಕುಗಳಲ್ಲಿ ನಾಲ್ಕರಲ್ಲಿ ಮೂರು ಭಾಗಕ್ಕೆ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾ. ಇದರ ಮನೆ ನಮ್ಮದೇ ಕರುಳು. ಅಲ್ಲಿರುವವರೆಗೆ ಸಾಮಾನ್ಯವಾಗಿ ಅದು ತೊಂದರೆ ಕೊಡುವುದಿಲ್ಲ. ಅಲ್ಲಿಂದ ಚರ್ಮದ ಮೇಲೆ ಬಂದು, ಆ ನಾಲ್ಕು ಸೆಂ.ಮೀ. ದಾರಿ ಹತ್ತಿ ಮೂತ್ರಕೋಶ ಸೇರಿದರೆ ಉರಿಮೂತ್ರ. ಇನ್ನೂ ಮೇಲೆ ಹತ್ತಿ ಕಿಡ್ನಿ ಮುಟ್ಟಿದರೆ ಚಳಿಜ್ವರ, ಬೆನ್ನು ನೋವು, ವಾಂತಿ. ಅಲ್ಲಿಂದ ರಕ್ತಕ್ಕೆ ಸೇರಿದರೆ ಜೀವಕ್ಕೇ ಅಪಾಯ.

ಈಗ ಪ್ರಶ್ನೆ: ಕರುಳಿನಲ್ಲಿ ಸುಮ್ಮನಿದ್ದ ಇದೇ ಇ. ಕೋಲಿ ಮೂತ್ರಕೋಶಕ್ಕೆ ಬಂದಕೂಡಲೇ ಬೇರೆಯೇ ರೀತಿ ವರ್ತಿಸುವುದು ಹೇಗೆ?

ಪಟ್ಟಿ ಬೇರೆ, ಚೀಟಿ ಬೇರೆ

ನಮ್ಮೂರಿನ ಬೆಣ್ಣೆದೋಸೆ ಹೋಟೆಲ್ ನೆನಪಿಸಿಕೊಳ್ಳಿ. ಗೋಡೆಯ ಮೇಲೆ ತಿಂಡಿಗಳ ಪಟ್ಟಿ ಇರುತ್ತದೆ: ಬೆಣ್ಣೆದೋಸೆ, ಖಾಲಿ ದೋಸೆ, ಓಪನ್ ದೋಸೆ, ಚಹಾ, ಕಾಫಿ. ಪಟ್ಟಿ ನೋಡಿದರೆ ಆ ಹೋಟೆಲಿನಲ್ಲಿ ಏನೇನು ಮಾಡಬಲ್ಲರು ಎಂಬುದು ತಿಳಿಯುತ್ತದೆ. ಆದರೆ ಈ ಕ್ಷಣ ಕಾವಲಿಯ ಮೇಲೆ ಏನು ಬೇಯುತ್ತಿದೆ ಎಂದು ತಿಳಿಯಬೇಕಾದರೆ ಅಡುಗೆಮನೆಗೆ ಹೋದ ಆರ್ಡರ್ ಚೀಟಿಗಳನ್ನು ನೋಡಬೇಕು. ಬೆಳಗ್ಗೆ ಎಂಟಕ್ಕೆ ದೋಸೆಯ ಚೀಟಿಗಳೇ ರಾಶಿ ಬೀಳುತ್ತವೆ. ಮಧ್ಯಾಹ್ನ ಮೂರಕ್ಕೆ ಹೆಚ್ಚಾಗಿ ಚಹಾದ ಚೀಟಿ. ಪಟ್ಟಿ ಅದೇ, ಕೆಲಸ ಬೇರೆ.

ಬ್ಯಾಕ್ಟೀರಿಯಾದಲ್ಲಿ ಆ ಪಟ್ಟಿಯೇ ಡಿಎನ್‌ಎ. ಪಟ್ಟಿಯ ಒಂದೊಂದು ಸಾಲೂ ಒಂದೊಂದು ಜೀನ್. ಮೂತ್ರದ ಸೋಂಕು ತರುವ ಒಂದು ಇ. ಕೋಲಿಯಲ್ಲಿ ಸುಮಾರು ಐದು ಸಾವಿರ ಜೀನ್‌ಗಳಿರುತ್ತವೆ. ಎಲ್ಲವೂ ಎಲ್ಲಾ ಹೊತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಯಾವ ಜೀನ್ ಬೇಕೋ ಅದರ ನಕಲು ಮಾತ್ರ ಒಂದು ಚೀಟಿಯಂತೆ ತಯಾರಾಗುತ್ತದೆ. ಈ ಚೀಟಿಯ ಹೆಸರು ಸಂದೇಶವಾಹಕ ಆರ್‌ಎನ್‌ಎ. ಅದನ್ನು ಓದಿ ಬ್ಯಾಕ್ಟೀರಿಯಾ ತನಗೆ ಬೇಕಾದ ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ. ಹೀಗೆ ಜೀನ್ ಕೆಲಸಕ್ಕೆ ಇಳಿಯುವುದನ್ನೇ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ.

ರೋಗಾಣುವಿನ ಡಿಎನ್‌ಎ ಪೂರ್ತಿ ಓದಿದರೂ ಅದು ಏನು ಮಾಡಬಲ್ಲದು ಎಂದಷ್ಟೇ ತಿಳಿಯುತ್ತದೆ. ರೋಗಿಯ ಮೂತ್ರಕೋಶದಲ್ಲಿ ಈಗ ಏನು ಮಾಡುತ್ತಿದೆ ಎಂಬುದಕ್ಕೆ ಚೀಟಿಗಳನ್ನೇ ಹಿಡಿಯಬೇಕು.

ಚೀಟಿ ಹಿಡಿಯುವ ಕಷ್ಟ

ಕಷ್ಟ ಏನೆಂದರೆ, ಈ ಚೀಟಿಗಳ ಆಯುಸ್ಸು ಬಹಳ ಕಡಿಮೆ. ಇ. ಕೋಲಿಯಲ್ಲಿ ಹೆಚ್ಚಿನ ಸಂದೇಶವಾಹಕ ಆರ್‌ಎನ್‌ಎಗಳು ಕೆಲವೇ ನಿಮಿಷಗಳಲ್ಲಿ ಹರಿದುಹೋಗುತ್ತವೆ. ಮೂತ್ರ ದೇಹದಿಂದ ಹೊರಗೆ ಬಂದು ಡಬ್ಬಿಯಲ್ಲಿ ತಣ್ಣಗಾಗುತ್ತಿದ್ದಂತೆ ಹಳೆಯ ಚೀಟಿಗಳು ಮಾಯವಾಗಿ, ಡಬ್ಬಿಯ ಪರಿಸ್ಥಿತಿಗೆ ತಕ್ಕ ಹೊಸ ಚೀಟಿಗಳು ಬರುತ್ತವೆ. ಅರ್ಧ ಗಂಟೆ ತಡವಾದರೂ ನೀವು ಓದುವುದು ಮೂತ್ರಕೋಶದ ಸುದ್ದಿಯಲ್ಲ, ಡಬ್ಬಿಯ ಸುದ್ದಿ.

ಆದ್ದರಿಂದ ಸಂಶೋಧಕರು ಮೂತ್ರ ಬಂದ ತಕ್ಷಣ ಅದಕ್ಕೆ ಆರ್‌ಎನ್‌ಎ ಕೆಡದಂತೆ ತಡೆಯುವ ದ್ರಾವಣ ಬೆರೆಸುತ್ತಾರೆ. ಆಮೇಲೆ ಇನ್ನೊಂದು ಕೆಲಸ. ಆ ಮೂತ್ರದಲ್ಲಿ ರೋಗಿಯ ಜೀವಕೋಶಗಳ ಆರ್‌ಎನ್‌ಎ ಕೂಡ ಇರುತ್ತದೆ. ಬ್ಯಾಕ್ಟೀರಿಯಾದ ಆರ್‌ಎನ್‌ಎಯಲ್ಲೂ ಬಹುಪಾಲು ಪ್ರೋಟೀನ್ ತಯಾರಿಸುವ ಯಂತ್ರದ ಭಾಗವೇ ಹೊರತು ಚೀಟಿಯಲ್ಲ. ಅದನ್ನೆಲ್ಲ ಬೇರ್ಪಡಿಸಿ, ಉಳಿದದ್ದನ್ನು ಓದಿ, ಯಾವ ಜೀನ್‌ನ ಚೀಟಿ ಎಷ್ಟಿದೆ ಎಂದು ಎಣಿಸುತ್ತಾರೆ.

ಈ ಕೆಲಸದಲ್ಲಿ ದೊಡ್ಡ ಹೆಸರು ಅಮೆರಿಕದ ಹ್ಯಾರಿ ಮಾಬ್ಲೆ ಅವರ ತಂಡದ್ದು. 2004ರಲ್ಲಿ ಅವರು ಸೋಂಕು ತಗುಲಿದ ಇಲಿಗಳ ಮೂತ್ರದಿಂದ ಇ. ಕೋಲಿಯ ಚೀಟಿಗಳನ್ನು ಓದಿ ಪ್ರಕಟಿಸಿದರು. 2010ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಉರಿಮೂತ್ರ ಇದ್ದ ಎಂಟು ಮಹಿಳೆಯರ ಮೂತ್ರದಿಂದ ನೇರವಾಗಿ ಅದೇ ಕೆಲಸ ಮಾಡಿದರು. 2019ರಲ್ಲಿ ಇನ್ನೂ ಸೂಕ್ಷ್ಮವಾದ ವಿಧಾನದಿಂದ 14 ಮಹಿಳೆಯರ ಮೂತ್ರದಲ್ಲಿದ್ದ ಇ. ಕೋಲಿಯನ್ನು ನೋಡಿದರು.

ಚೀಟಿಗಳಲ್ಲಿ ಏನಿತ್ತು?

ಮೊದಲನೆಯದು ಕಬ್ಬಿಣ. ಬ್ಯಾಕ್ಟೀರಿಯಾ ಬೆಳೆಯಲು ಕಬ್ಬಿಣ ಬೇಕು. ನಮ್ಮ ದೇಹ ಅದನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಪ್ರೋಟೀನ್‌ಗಳಲ್ಲಿ ಭದ್ರವಾಗಿ ಕಟ್ಟಿಡುತ್ತದೆ. ರೋಗಾಣು ಏನು ಮಾಡುತ್ತದೆ? ಸಿಡೆರೋಫೋರ್ ಎಂಬ ಚಿಕ್ಕ ಅಣುಗಳನ್ನು ಹೊರಗೆ ಬಿಡುತ್ತದೆ. ಅವು ಕಬ್ಬಿಣವನ್ನು ಕಿತ್ತುಕೊಂಡು ಮರಳುತ್ತವೆ. ನಮ್ಮ ದೇಹವೂ ಸುಮ್ಮನಿರುವುದಿಲ್ಲ. ಆ ಅಣುವನ್ನೇ ಹಿಡಿದಿಡುವ ಒಂದು ಪ್ರೋಟೀನನ್ನು ಬಿಡುತ್ತದೆ. ಆಗ ರೋಗಾಣು ಅದರ ಕೈಗೆ ಸಿಗದಂಥ ಇನ್ನೊಂದು ಬಗೆಯ ಅಣುವನ್ನು ತಯಾರಿಸುತ್ತದೆ. ಇಲಿಯಲ್ಲಾಗಲಿ, ಮನುಷ್ಯರಲ್ಲಾಗಲಿ ಈ ಕಬ್ಬಿಣದ ಚೀಟಿಗಳು ರಾಶಿ ರಾಶಿ ಸಿಕ್ಕವು.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಗರ್ಭಿಣಿಯರು, ರಕ್ತಹೀನತೆ ಇರುವವರು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬಾರದು. ರೋಗಾಣುವಿನ ಈ ಜಗಳ ನಡೆಯುವುದು ಅಣುಗಳ ಮಟ್ಟದಲ್ಲಿ. ನಿಮ್ಮ ಮಾತ್ರೆ ನಿಮ್ಮ ರಕ್ತಕ್ಕೆ ಬೇಕೇ ಬೇಕು.

ಎರಡನೆಯದು ಊಟ. ಆರೋಗ್ಯವಂತರ ಮೂತ್ರದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ರೋಗಾಣು ಅಲ್ಲಿರುವ ಪ್ರೋಟೀನ್ ಚೂರುಗಳನ್ನೂ ಅಮೈನೋ ಆಮ್ಲಗಳನ್ನೂ ಒಳಗೆಳೆದುಕೊಂಡು ಬದುಕುತ್ತದೆ. ಅದಕ್ಕೆ ಬೇಕಾದ ಬಾಗಿಲುಗಳನ್ನು ತೆರೆಯುವ ಜೀನ್‌ಗಳು ಚುರುಕಾಗಿರುವುದು ಕಂಡಿತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರ ಮೂತ್ರದಲ್ಲಿ ಸಕ್ಕರೆಯೂ ಇರುತ್ತದೆ, ಸೋಂಕನ್ನು ಎದುರಿಸುವ ಶಕ್ತಿಯೂ ಕುಂದಿರುತ್ತದೆ. ಅವರು ಹೆಚ್ಚು ಎಚ್ಚರವಾಗಿರಬೇಕು.

ಮೂರನೆಯದು ವೇಗ. 2019ರ ಅಧ್ಯಯನದ ಮುಖ್ಯ ಸಂಗತಿ ಇದೇ. 14 ಮಹಿಳೆಯರಲ್ಲಿದ್ದ ಇ. ಕೋಲಿಗಳು ಒಂದರಂತೆ ಒಂದಿರಲಿಲ್ಲ, ಅವುಗಳ ಡಿಎನ್‌ಎ ಪಟ್ಟಿಗಳು ಬೇರೆ ಬೇರೆ. ಆದರೂ ಎಲ್ಲದರಲ್ಲೂ ಇರುವ ಮೂಲ ಜೀನ್‌ಗಳ ಮಟ್ಟಿಗೆ ದೇಹದೊಳಗೆ ಅವು ಬರೆದ ಚೀಟಿಗಳು ಹೆಚ್ಚು ಕಡಿಮೆ ಒಂದೇ ಆಗಿದ್ದವು: "ಬೇಗ ಬೆಳೆ, ಬೇಗ ಇಬ್ಬಾಗವಾಗು." ಅದೇ ರೋಗಾಣುಗಳನ್ನು ಆರೋಗ್ಯವಂತರ ಮೂತ್ರದಲ್ಲಿ, ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಬೆಳೆಸಿದಾಗ ಚೀಟಿಗಳು ಬೇರೆಯಾದವು. ಮೂತ್ರ ಅದೇ ಆದರೂ ಪಾತ್ರೆ ಮನುಷ್ಯನ ದೇಹವಾಗಲಿಲ್ಲ.

ಅನುಕೂಲವಾದ ಪರಿಸ್ಥಿತಿಯಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ನೀವೇ ಲೆಕ್ಕ ಹಾಕಿ. ಒಂದು ಬ್ಯಾಕ್ಟೀರಿಯಾ ಗಂಟೆಗೆ ಎಂಟು. ಎರಡು ಗಂಟೆಗೆ 64. ನಾಲ್ಕು ಗಂಟೆಗೆ ನಾಲ್ಕು ಸಾವಿರದ ಮೇಲೆ. ಆರು ಗಂಟೆಗೆ ಎರಡೂವರೆ ಲಕ್ಷದ ಮೇಲೆ. ನಾವು ಮೂತ್ರ ಮಾಡಿದಾಗಲೆಲ್ಲ ಇವುಗಳಲ್ಲಿ ಬಹಳಷ್ಟು ಕೊಚ್ಚಿ ಹೋಗುತ್ತವೆ. ಬೆಳಗಿನಿಂದ ಸಂಜೆಯವರೆಗೆ ತಡೆದುಕೊಂಡರೆ ಆ ವೇಗಕ್ಕೆ ನಾವೇ ಸಮಯ ಕೊಟ್ಟಂತೆ.

ಇಲಿಯಲ್ಲಿ ಕಂಡದ್ದು, ಹೆಂಗಸರಲ್ಲಿ ಕಾಣದ್ದು

ಇ. ಕೋಲಿಯ ಮೈಮೇಲೆ ಸೂಕ್ಷ್ಮವಾದ ಕೂದಲುಗಳಿರುತ್ತವೆ. ಅದರ ತುದಿಯಲ್ಲಿ ಕೊಕ್ಕೆಯಂಥ ಒಂದು ಪ್ರೋಟೀನ್. ಮೂತ್ರಕೋಶದ ಗೋಡೆಯ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆಗೆ ಆ ಕೊಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಮೂತ್ರದ ರಭಸಕ್ಕೂ ರೋಗಾಣು ಕೊಚ್ಚಿಹೋಗದೆ ನಿಲ್ಲುವುದು ಹೀಗೆ. ಈ ಕೂದಲಿನ ಜೀನ್‌ಗೆ ಒಂದು ಸ್ವಿಚ್ಚೇ ಇದೆ. ಡಿಎನ್‌ಎಯ ಒಂದು ತುಂಡು ಈ ಕಡೆ ತಿರುಗಿದರೆ ಕೂದಲು ಬೆಳೆಯುತ್ತದೆ, ಆ ಕಡೆ ತಿರುಗಿದರೆ ಇಲ್ಲ. ಅಂಟಿಕೊಳ್ಳಬೇಕಾದಾಗ ಹಾಕು, ಬಿಟ್ಟು ಹೋಗಬೇಕಾದಾಗ ಆರಿಸು.

2004ರಲ್ಲಿ ಇಲಿಗಳ ಮೂತ್ರ ನೋಡಿದಾಗ ಈ ಕೂದಲಿನ ಚೀಟಿಗಳು ಅತ್ಯಂತ ಹೆಚ್ಚಿದ್ದವು. 2010ರಲ್ಲಿ ಮಹಿಳೆಯರ ಮೂತ್ರ ನೋಡಿದಾಗ ಹೆಚ್ಚಿನವರಲ್ಲಿ ಅವು ಅಷ್ಟಾಗಿ ಕಾಣಲೇ ಇಲ್ಲ! ಮೂತ್ರದಲ್ಲಿ ತೇಲಿಬರುವವು ಗೋಡೆ ಬಿಟ್ಟು ಬಂದವುಗಳು, ಗೋಡೆಗೆ ಅಂಟಿರುವವು ಒಳಗೇ ಉಳಿದಿರುತ್ತವೆ ಎಂಬುದು ಒಂದು ಕಾರಣವಿರಬಹುದು. ಇಲಿ ಮತ್ತು ಮನುಷ್ಯರ ಮೂತ್ರದ ವ್ಯತ್ಯಾಸವೂ ಸೇರಿರಬಹುದು. ಮನುಷ್ಯರ ಮೂತ್ರ ಈ ಕೂದಲಿನ ಕೆಲಸವನ್ನು ತಗ್ಗಿಸುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿದವು.

ಇದರಿಂದ ನಮಗೇನು ಎನ್ನುತ್ತೀರಾ? ಮ್ಯಾನೋಸ್ ಪುಡಿ ಈಗ ಔಷಧಿ ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಸಿಗುತ್ತದೆ. ಮೂತ್ರದಲ್ಲಿ ಮ್ಯಾನೋಸ್ ಇದ್ದರೆ ರೋಗಾಣುವಿನ ಕೊಕ್ಕೆ ಗೋಡೆಯ ಬದಲು ಅದಕ್ಕೇ ಸಿಕ್ಕಿಹಾಕಿಕೊಂಡು ಕೊಚ್ಚಿಹೋಗುತ್ತದೆ ಎಂಬುದು ಅದರ ಹಿಂದಿನ ತರ್ಕ. ತರ್ಕ ಚೆನ್ನಾಗಿದೆ. ಆದರೆ ಬ್ರಿಟನ್ನಿನಲ್ಲಿ ಪದೇ ಪದೇ ಮೂತ್ರದ ಸೋಂಕು ಬರುವ 598 ಮಹಿಳೆಯರಿಗೆ ಆರು ತಿಂಗಳು ದಿನವೂ ಕೊಟ್ಟು ನೋಡಿದ, 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಪುಡಿ ತೆಗೆದುಕೊಂಡವರಲ್ಲೂ ಹುಸಿ ಪುಡಿ ತೆಗೆದುಕೊಂಡವರಲ್ಲೂ ಸುಮಾರು ಅರ್ಧದಷ್ಟು ಜನ ಮತ್ತೆ ಸೋಂಕಿಗಾಗಿ ವೈದ್ಯರ ಬಳಿ ಹೋಗಬೇಕಾಯಿತು. ತರ್ಕ ಸರಿಯಿದ್ದ ಮಾತ್ರಕ್ಕೆ ಔಷಧಿ ಫಲಿಸುವುದಿಲ್ಲ. ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದ್ದಕ್ಕೆ ದುಬಾರಿ ಡಬ್ಬಿ ಕೊಳ್ಳುವ ಮೊದಲು ಇದು ನೆನಪಿರಲಿ.

ಅವಿತು ಕೂರುವವರು

ಇನ್ನೊಂದು ಸಂಗತಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಹಲ್ಟ್‌ಗ್ರೆನ್ ಅವರ ತಂಡ 2003ರಲ್ಲಿ ಇಲಿಯ ಮೂತ್ರಕೋಶದ ಗೋಡೆಯ ಜೀವಕೋಶಗಳ ಒಳಗೇ ಇ. ಕೋಲಿ ಗುಂಪುಗುಂಪಾಗಿ ಬೆಳೆಯುವುದನ್ನು ತೋರಿಸಿತು. 2007ರಲ್ಲಿ ಸೋಂಕು ಇದ್ದ ಮಹಿಳೆಯರ ಮೂತ್ರದಲ್ಲೂ ಇಂಥ ಜೀವಕೋಶಗಳು ಕಂಡವು. ಇಲಿಗಳಲ್ಲಿ ಕೆಲವು ರೋಗಾಣುಗಳು ಗೋಡೆಯ ಒಳಪದರದಲ್ಲಿ ಬೆಳವಣಿಗೆಯನ್ನೇ ನಿಲ್ಲಿಸಿ ಮಲಗಿಬಿಡುತ್ತವೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಹೊಡೆಯುವ ಔಷಧಿಗೆ ಮಲಗಿದ್ದು ಸುಲಭವಾಗಿ ಸಿಗುವುದಿಲ್ಲ. ವಾರಗಳ ಮೇಲೆ ಮತ್ತೆ ಎದ್ದು ಬರಬಹುದು.

ಹಾಗಾದರೆ ಪದೇ ಪದೇ ಬರುವ ಉರಿಮೂತ್ರವೆಲ್ಲ ಹೀಗೇ ಎಂದಲ್ಲ. ಹೆಚ್ಚಿನ ಸಲ ಕರುಳಿನಿಂದ ಹೊಸದಾಗಿಯೂ ಬರುತ್ತದೆ. ಆದರೆ ಉರಿ ನಿಂತಿತು ಎಂದರೆ ರೋಗಾಣು ಮುಗಿಯಿತು ಎಂದು ತಿಳಿಯಬಾರದು ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ. ಮೊದಲಲ್ಲಿ ಹೇಳಿದ ತಾಯಿಯ ಮೂರು ಮಾತ್ರೆ ಮಾಡಿದ್ದು ಇಷ್ಟೇ. ಮೂತ್ರದಲ್ಲಿ ತೇಲುತ್ತಿದ್ದವುಗಳನ್ನು ತಗ್ಗಿಸಿತು, ಮೇಲೆ ಹತ್ತಿದವುಗಳನ್ನು ಮುಟ್ಟಲಿಲ್ಲ. ಮೂತ್ರದಲ್ಲಿ ಉಳಿದಿದ್ದ ಔಷಧಿ ಕಲ್ಚರ್ ತಟ್ಟೆಯ ಮೇಲೂ ರೋಗಾಣು ಬೆಳೆಯದಂತೆ ತಡೆಯಿತು.

ಮೂತ್ರ ಕೊಡುವ ಕ್ರಮ

ಸಂಶೋಧಕರಿಗೆ ನಿಮಿಷಗಳ ಅವಸರ. ನಮ್ಮ ಆಸ್ಪತ್ರೆಯ ಸಾಮಾನ್ಯ ಕಲ್ಚರ್ ಪರೀಕ್ಷೆಗೆ ಅಷ್ಟು ಅವಸರ ಇಲ್ಲದಿದ್ದರೂ ನಿಯಮ ಅದೇ: ಮೂತ್ರ ದೇಹದೊಳಗಿನ ಸ್ಥಿತಿಯನ್ನು ಹೇಳಬೇಕು, ಡಬ್ಬಿಯದ್ದನ್ನಲ್ಲ.

1. ಆ್ಯಂಟಿಬಯಾಟಿಕ್ ಮಾತ್ರೆಯ ಮೊದಲ ಗುಳಿಗೆ ನುಂಗುವ ಮುನ್ನವೇ ಮೂತ್ರ ಕೊಡಿ. ಈಗಾಗಲೇ ನುಂಗಿದ್ದರೆ ಮುಚ್ಚಿಡಬೇಡಿ, ಯಾವುದು, ಎಷ್ಟು, ಯಾವಾಗ ಎಂದು ವೈದ್ಯರಿಗೆ ಹೇಳಿ.

2. ಪ್ರಯೋಗಾಲಯ ಕೊಡುವ ಮುಚ್ಚಳದ ಶುದ್ಧ ಡಬ್ಬಿಯನ್ನೇ ಬಳಸಿ. ಮನೆಯ ಜಾಮ್ ಬಾಟಲಿ ಎಷ್ಟು ತೊಳೆದರೂ ಸಾಲದು. ಡಬ್ಬಿಯ ಒಳಗೆ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ.

3. ಕೈ ತೊಳೆದು, ಮುಂದಿನಿಂದ ಹಿಂದಕ್ಕೆ ನೀರಿನಿಂದ ಸ್ವಚ್ಛ ಮಾಡಿಕೊಳ್ಳಿ. ಮೊದಲು ಬರುವ ಮೂತ್ರವನ್ನು ಬಿಟ್ಟುಬಿಡಿ, ನಡುವಿನದನ್ನು ಡಬ್ಬಿಯಲ್ಲಿ ಹಿಡಿಯಿರಿ.

4. ಎರಡು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಬೇಕು. ಆಗದಿದ್ದರೆ ಫ್ರಿಜ್ಜಿನ ತಂಪಿನಲ್ಲಿ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿ.ಮೀ. ಅಷ್ಟೇ. ಆದರೆ ಬೇಸಿಗೆಯ ಮಧ್ಯಾಹ್ನ ಡಬ್ಬಿಯನ್ನು ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು, ಪೇಟೆಯ ಕೆಲಸ ಮುಗಿಸಿ ಕೊಡುವುದಾದರೆ ಅಷ್ಟರಲ್ಲಿ ಹತ್ತಿದ್ದ ಬ್ಯಾಕ್ಟೀರಿಯಾ ಲಕ್ಷವಾಗಿರುತ್ತದೆ. ವರದಿಯಲ್ಲಿ ಒಂದು ಮಿ.ಲೀ.ಗೆ ಒಂದು ಲಕ್ಷ ಎಂಬ ಲೆಕ್ಕಕ್ಕೆ ವೈದ್ಯರು ಬೆಲೆ ಕೊಡುತ್ತಾರೆ. ತಡವಾದ ಡಬ್ಬಿ ಇಲ್ಲದ ಸೋಂಕನ್ನು ಇದೆ ಎಂದು ಹೇಳಿಬಿಡಬಹುದು. ಸಾಧ್ಯವಾದರೆ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಾಗಲಿ ನೀವು ಹೋಗುವ ಇನ್ನಾವುದೇ ಆಸ್ಪತ್ರೆಯಲ್ಲಾಗಲಿ ಅಲ್ಲಿಯೇ ಮೂತ್ರ ಕೊಡುವುದು ಉತ್ತಮ.

5. ವರದಿ ಬರಲು ಎರಡು ಮೂರು ದಿನ ಬೇಕು. ತೊಂದರೆ ಹೆಚ್ಚಿದ್ದರೆ ಅಲ್ಲಿಯವರೆಗೆ ವೈದ್ಯರು ಒಂದು ಔಷಧಿ ಶುರು ಮಾಡಿ, ವರದಿ ನೋಡಿ ಬದಲಿಸಬಹುದು. ಆದ್ದರಿಂದ ಉರಿ ನಿಂತರೂ ವರದಿ ತೆಗೆದುಕೊಂಡು ಮತ್ತೆ ಹೋಗಿ ತೋರಿಸಿ.

ಕಲ್ಚರ್ ಬೇಕೇ ಬೇಕು ಎನ್ನಲು ಇನ್ನೊಂದು ಕಾರಣವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಾರ್ಷಿಕ ವರದಿಗಳು ದೊಡ್ಡ ಆಸ್ಪತ್ರೆಗಳಲ್ಲಿ ಸಿಗುವ ಇ. ಕೋಲಿಯಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಾಸಿನ್‌ನಂಥ ಬಳಕೆಯ ಮಾತ್ರೆಗೆ ಬಗ್ಗುವುದಿಲ್ಲ ಎಂದು ತೋರಿಸುತ್ತಿವೆ. ನೈಟ್ರೊಫ್ಯುರಾಂಟೊಯಿನ್‌ನಂಥ ಹಳೆಯ ಮಾತ್ರೆ ಮೂತ್ರಕೋಶದ ಸೋಂಕಿಗೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಆದರೆ ಕಿಡ್ನಿಗೆ ಹತ್ತಿದ ಸೋಂಕಿಗೆ ಅದು ಸಾಲದು. ಯಾವುದು ಯಾರಿಗೆ ಎಂದು ನಿರ್ಧರಿಸುವುದು ವೈದ್ಯರ ಕೆಲಸ. ಹೋದ ಸಲದ ಚೀಟಿ ತೋರಿಸಿ ಅಂಗಡಿಯಲ್ಲಿ ಕೇಳಿ ತರುವ ವಿಷಯ ಇದಲ್ಲ.

ಉರಿ, ಜ್ವರ ಏನೂ ಇಲ್ಲದೆ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡರೆ ಎಲ್ಲರಿಗೂ ಔಷಧಿ ಬೇಕಿಲ್ಲ. ಗರ್ಭಿಣಿಯರಿಗೆ ಮಾತ್ರ ಖಂಡಿತ ಬೇಕು, ಏಕೆಂದರೆ ಅವರಲ್ಲಿ ಅದು ಕಿಡ್ನಿಗೆ ಹತ್ತುವ ಸಂಭವ ಹೆಚ್ಚು. ಗರ್ಭಿಣಿಯ ಮೊದಲ ತಪಾಸಣೆಯಲ್ಲೇ ಮೂತ್ರ ಪರೀಕ್ಷೆ ಮಾಡಿಸುವುದು ಇದಕ್ಕೇ.

ನೀರು, ಶೌಚಾಲಯ, ನಮ್ಮ ಅಭ್ಯಾಸಗಳು

ರೋಗಾಣುವಿನ ಚೀಟಿಗಳನ್ನು ನಾವು ಹರಿಯಲಾರೆವು. ಆದರೆ ಅದಕ್ಕೆ ಸಿಗುವ ಸಮಯವನ್ನು ಕಡಿಮೆ ಮಾಡಬಹುದು. ಬಲ್ಗೇರಿಯಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಪದೇ ಪದೇ ಸೋಂಕು ಬರುತ್ತಿದ್ದ ಮತ್ತು ಕಡಿಮೆ ನೀರು ಕುಡಿಯುತ್ತಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿಯಿತು. ವರ್ಷದ ಕೊನೆಗೆ ಆ ಗುಂಪಿನಲ್ಲಿ ಒಬ್ಬರಿಗೆ ಸರಾಸರಿ 1.7 ಸಲ ಸೋಂಕು ಬಂದಿತ್ತು. ಹೆಚ್ಚು ನೀರು ಕುಡಿಯದ ಗುಂಪಿನಲ್ಲಿ 3.2 ಸಲ. ಯಾವ ಪುಡಿಯೂ ಇಲ್ಲ, ಬರೀ ನೀರು. ಹೃದಯ ಅಥವಾ ಕಿಡ್ನಿ ದುರ್ಬಲವಾಗಿರುವವರು ಮಾತ್ರ ಎಷ್ಟು ನೀರು ಎಂದು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ನಮ್ಮೂರಿನ ಮಂಡಕ್ಕಿ ಭಟ್ಟಿಯ ಬೆಂಕಿಯ ಮುಂದೆ ಕೆಲಸ ಮಾಡುವವರಿಗೆ ಬೆವರಿನಲ್ಲೇ ನೀರು ಹೋಗಿಬಿಡುತ್ತದೆ. ಬೀಡಿ ಕಟ್ಟಲು ಕೂತವರು ಲೆಕ್ಕ ಮುಗಿಸುವವರೆಗೆ ಏಳುವುದಿಲ್ಲ. ಶಾಲೆಗೆ ಹೋಗುವ ಹೆಣ್ಣುಮಕ್ಕಳು ಅಲ್ಲಿನ ಶೌಚಾಲಯಕ್ಕೆ ಹೋಗಬೇಕಾಗುತ್ತದಲ್ಲ ಎಂದು ಬಾಟಲಿಯ ನೀರನ್ನು ಹಾಗೇ ಮನೆಗೆ ತರುತ್ತಾರೆ. ಸಂಜೆ ಮಗಳ ಬಾಟಲಿ ತೆರೆದು ನೋಡಿ. ತುಂಬಿದ್ದರೆ ಬೈಯುವ ಮೊದಲು ಕಾರಣ ಕೇಳಿ.

ನಮ್ಮಲ್ಲಿ ಕೆಲವು ಹಿರಿಯ ಹೆಂಗಸರು ಮಗ್ರಿಬ್‌ನ ವುಝೂ ಇಶಾವರೆಗೂ ಉಳಿಯಲಿ ಎಂದು ಮೂತ್ರ ತಡೆದುಕೊಳ್ಳುವುದುಂಟು. ಒತ್ತಡ ತಡೆದುಕೊಂಡು ನಮಾಝ್‌ಗೆ ನಿಲ್ಲಬಾರದು ಎಂಬ ತಿಳಿವಳಿಕೆ ನಮ್ಮಲ್ಲಿ ಮೊದಲಿನಿಂದ ಇದೆ. ಮತ್ತೊಮ್ಮೆ ವುಝೂ ಮಾಡಿಕೊಳ್ಳಲು ಐದು ನಿಮಿಷ ಸಾಕು. ಮೊಣಕಾಲು ನೋವಿನವರಿಗೆ ಮನೆಯವರು ಕುರ್ಚಿ, ನೀರು ಹತ್ತಿರವಿಟ್ಟು ಸಹಾಯ ಮಾಡಬೇಕು.

ನೀರಿನಿಂದ ಶುದ್ಧಿ ಮಾಡಿಕೊಳ್ಳುವುದು ನಮಗೆ ರೂಢಿ. ಅದರ ಜೊತೆ ದಿಕ್ಕೂ ಮುಖ್ಯ: ಮುಂದಿನಿಂದ ಹಿಂದಕ್ಕೆ. ಹೆಣ್ಣುಮಗುವಿಗೆ ಚಿಕ್ಕಂದಿನಲ್ಲೇ ಕಲಿಸಿ. ಒಳಭಾಗಕ್ಕೆ ಸುವಾಸನೆಯ ಸಾಬೂನು, ಡೆಟಾಲ್ ಹಾಕಿ ತೊಳೆಯಬಾರದು. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಇ. ಕೋಲಿಗೆ ಜಾಗ ತೆರವಾಗುತ್ತದೆ. ದಾಂಪತ್ಯ ಸಂಪರ್ಕದ ನಂತರ ಮೂತ್ರ ಮಾಡುವುದು ಒಳ್ಳೆಯ ಅಭ್ಯಾಸ. ಮುಟ್ಟು ನಿಂತ ಮೇಲೆ ಪದೇ ಪದೇ ಸೋಂಕು ಬರುವವರಿಗೆ ವೈದ್ಯರ ಬಳಿ ಬೇರೆ ಚಿಕಿತ್ಸೆಯಿದೆ, ಸಂಕೋಚ ಬಿಟ್ಟು ಕೇಳಿ.

ರಂಝಾನ್‌ನಲ್ಲಿ ಇಫ್ತಾರ್‌ನಿಂದ ಸಹರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುತ್ತಿರಿ. ಎಲ್ಲವನ್ನೂ ಸಹರಿಯಲ್ಲಿ ಒಮ್ಮೆಲೇ ಕುಡಿದರೆ ಪ್ರಯೋಜನವಿಲ್ಲ. ಪದೇ ಪದೇ ಸೋಂಕು, ಕಿಡ್ನಿಯಲ್ಲಿ ಕಲ್ಲು, ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ತಿಂಗಳು ಶುರುವಾಗುವ ಮೊದಲೇ ವೈದ್ಯರೊಡನೆ ಮಾತಾಡಿ.

ತಡಮಾಡಬಾರದ ಲಕ್ಷಣಗಳು

ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ನಿಲ್ಲದ ವಾಂತಿ, ಮೂತ್ರದಲ್ಲಿ ರಕ್ತ, ಮೂತ್ರ ಬಾರದೇ ಇರುವುದು, ವಯಸ್ಸಾದವರಲ್ಲಿ ಜ್ವರದೊಡನೆ ಮಂಕು ಕವಿಯುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಗರ್ಭಿಣಿ, ಸಕ್ಕರೆ ಕಾಯಿಲೆಯವರು, ಮೂತ್ರಕ್ಕೆ ನಳಿಕೆ ಹಾಕಿಸಿಕೊಂಡವರು ಬರೀ ಉರಿ ಇದ್ದರೂ ಕಾಯಬಾರದು. ಗಂಡಸರಿಗೂ ಇದು ಅನ್ವಯ. ಅವರಲ್ಲಿ ಮೂತ್ರದ ಸೋಂಕು ಅಪರೂಪ, ಬಂದರೆ ಕಾರಣ ಹುಡುಕಬೇಕು. ಪುಟ್ಟ ಮಗುವಿಗೆ ಕೆಮ್ಮು ನೆಗಡಿ ಏನೂ ಇಲ್ಲದೆ ಜ್ವರ ಬಂದರೆ ಮೂತ್ರ ಪರೀಕ್ಷೆ ಬೇಕೇ ಎಂದು ನೀವೇ ಕೇಳಿ.

ಮಾಬ್ಲೆ ಅವರ ತಂಡ ಕಬ್ಬಿಣ ಹಿಡಿಯುವ ಬಾಗಿಲುಗಳನ್ನೇ ಗುರಿಯಾಗಿಸಿಕೊಂಡು ಲಸಿಕೆ ಮಾಡಲು ಪ್ರಯತ್ನಿಸಿದೆ. 2009ರಲ್ಲಿ ಇಲಿಗಳಲ್ಲಿ ಅದು ರಕ್ಷಣೆ ಕೊಟ್ಟಿತು. ಆದರೆ ಅದು ಇನ್ನೂ ನಮ್ಮ ಔಷಧಿ ಅಂಗಡಿಗೆ ಬಂದಿಲ್ಲ. ಬರುವವರೆಗೆ ನಮ್ಮ ಕೈಯಲ್ಲಿರುವುದು ನೀರು, ಸ್ವಚ್ಛತೆ, ಸಕಾಲದಲ್ಲಿ ಕೊಟ್ಟ ಒಂದು ಡಬ್ಬಿ ಮೂತ್ರ, ಪೂರ್ತಿ ಮುಗಿಸಿದ ಔಷಧಿ.

ಕೊನೆಯದಾಗಿ ಗಂಡಸರಿಗೆ, ಅದರಲ್ಲೂ ಶಾದಿ ಮಹಲ್, ಶಾಲೆ, ಮಸೀದಿಗಳ ಸಮಿತಿಯಲ್ಲಿರುವವರಿಗೆ ಒಂದು ಮಾತು. ಮುಂದಿನ ಸಭೆಯಲ್ಲಿ ಹೊಸ ದೀಪ, ಹೊಸ ಕುರ್ಚಿಯ ವಿಷಯ ಬಂದಾಗ ಹೆಂಗಸರ ಶೌಚಾಲಯ ಎಷ್ಟಿದೆ, ಬಾಗಿಲಿಗೆ ಚಿಲಕ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಕೇಳಿ. ಮನೆಗೆ ಹೋದ ಮೇಲೆ ಹೆಂಡತಿಯನ್ನೋ ಅಕ್ಕನನ್ನೋ ಕೇಳಿದರೆ ಉತ್ತರ ಸಿಗುತ್ತದೆ. ಮತ್ತು ಇಂದೇ ನಿಮ್ಮ ಮನೆಯ ಔಷಧಿ ಡಬ್ಬಿ ತೆರೆಯಿರಿ. ಹೋದ ಸಲ ಉಳಿದ ಆ್ಯಂಟಿಬಯಾಟಿಕ್ ಅದರಲ್ಲಿದ್ದರೆ, ಮುಂದಿನ ಉರಿಗೆಂದು ಅದನ್ನು ಕಾಪಾಡಿ ಇಟ್ಟುಕೊಳ್ಳಬೇಡಿ.